ವೀರಭದ್ರ ಸ್ವಾಮಿಯ ಒಪ್ಪಿಗೆ ಬಾಕಿ ಇದೆ

ಭಯವೂ ಭಕ್ತಿಯ ಒಂದು ಮೆಟ್ಟಿಲೇ ಎಂದು ನನಗೆ ಪಾಠ ಹೇಳಿದ ಗುರುಗಳು ಅನ್ನುತ್ತಿದ್ದರು. ಹಾಗಿದ್ದರೆ ಸೇಲಂ ಕಡೆಯ ನಮ್ಮ ಕಡಯಂಪಟ್ಟಿಯ ಸುತ್ತಮುತ್ತ ನನ್ನಷ್ಟು ದೊಡ್ಡ ಭಕ್ತ ಇನ್ನೊಬ್ಬನಿರಲಾರ. ಗುಡುಗಿಗೆ ಹೆದರುತ್ತೇನೆ, ಚಿಲ್ಲರೆ ಕೇಳುವ ಬಸ್ ಕಂಡಕ್ಟರಿಗೆ ಹೆದರುತ್ತೇನೆ, ಸ್ತೋತ್ರದಲ್ಲಿ ಒಂದಕ್ಷರ ಜಾರಿತೇನೋ ಎಂಬ ಶಂಕೆ ಬಂದರೆ ಮತ್ತೆ ಮೊದಲಿನಿಂದ ಆರಂಭಿಸುತ್ತೇನೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಸ್ವಾಮಿಗೂ ಅಸಿವಾಗ್ತೈತೆ, ಎದ್ ಬನ್ನಿ" ಎಂದು ಕೂಗಿದ ಮೇಲೆಯೇ ನನ್ನ ಪೂಜೆಗೆ ಮಂಗಳ. ಇಂಥವನನ್ನು ನಮ್ಮ ಕುರಿ ಸಾಕುವವರ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದರು. ಹೆದರುವವನು ಕದಿಯಲಾರ ಎಂಬುದು ಅವರ ತರ್ಕ. ತರ್ಕಶಾಸ್ತ್ರವನ್ನು ಓದಿದ ನನಗೂ ಅದರಲ್ಲಿ ದೋಷ ಕಾಣಲಿಲ್ಲ.

ಹೋದ ವರ್ಷ, ನಮ್ಮ ಕುರಿಗಳನ್ನು ಕೊಳ್ಳುವ ಸೇಲಂನ ವ್ಯಾಪಾರದವರು ಒಂದು ಷರತ್ತು ಹಾಕಿದರು. ಸಂಘದ ಲೆಕ್ಕವೆಲ್ಲ ಇನ್ನು ಮುಂದೆ ಬ್ಲಾಕ್‌ಚೈನ್‌ನಲ್ಲಿರಬೇಕು. ಅದೇನೆಂದು ವಿವರಿಸಿದವಳು ನಮ್ಮ ಬೀದಿಯ ಸೊಸೆ, ಬಿ.ಕಾಂ. ಓದಿ ಸಂಘದ ಲೆಕ್ಕ ನೋಡುವ ಮಲರ್. "ತಾತಾ, ಒಂದ್ ಕುರಿ ಬಾಲಕ್ಕೆ ಇನ್ನೊಂದ್ ಕುರಿನ ಕಟ್ದಂಗೆ. ನಡುವ್ನಾಗೆ ಒಂದ್ನ ಎಳ್ಯಾಕಾಗಲ್ಲ. ನಮ್ಮತ್ರ ಒಂದ್ ಕಾಪಿ, ಅವ್ರತ್ರ ಒಂದ್ ಕಾಪಿ, ಬ್ಯಾಂಕ್ನಾಗ್ ಒಂದ್ ಕಾಪಿ. ಬರ್ದಿದ್ ಬರ್ದಂಗೇ. ಅಳ್ಸಾಕಾಗಲ್ಲ."

"ತಪ್ಪು ಬರೆದರೆ?"

"ತಪ್ಪೂ ಇರ್ತೈತೆ, ಅದ್ರ ಕೆಳ್ಗೆ ಸರಿಯಾದ್ದೂ ಇರ್ತೈತೆ. ಯಾರ್ ತಪ್ ಮಾಡಿದ್ರು ಅನ್ನೋದೂ ಇರ್ತೈತೆ."

ಚಿತ್ರಗುಪ್ತನಲ್ಲಾದರೂ ಪ್ರಾಯಶ್ಚಿತ್ತಕ್ಕೆ ಅವಕಾಶವುಂಟು. ಈ ಯಂತ್ರ ಅವನಿಗಿಂತ ನಿಷ್ಠುರ ಎಂದು ತಿಳಿದ ದಿನ ನಾನು ಒಂದು ಹೊತ್ತು ಊಟ ಬಿಟ್ಟೆ.

ವರ್ಷದ ವರದಿಗೆ ಮೂವರ ಒಪ್ಪಿಗೆ ಬೇಕು, ಹೆಸರು ಹೇಳಿ ಎಂದಳು ಮಲರ್. ನಮ್ಮಲ್ಲಿ ಯಾವ ಲೆಕ್ಕವೂ ದೇವರ ಹೆಸರಿಲ್ಲದೆ ತೆರೆಯುವುದಿಲ್ಲ. ಮಂದೆಯಲ್ಲಿ ಮೊದಲ ಮರಿ ಸ್ವಾಮಿಯದು, ಅದನ್ನು ಮಾರುವುದಿಲ್ಲ. ಅಭ್ಯಾಸಬಲದಿಂದ ನಾನು, "ಮೊದಲು ಶ್ರೀ ವೀರಭದ್ರ ಸ್ವಾಮಿ, ಆಮೇಲೆ ನಾನು, ಆಮೇಲೆ ಮಾರಣ್ಣ" ಎಂದೆ. ಮಾರಣ್ಣ ಸಂಘದ ಉಪಾಧ್ಯಕ್ಷ, ದೊಡ್ಡ ಮಂದೆಯ ಒಡೆಯ. ಮಲರ್ ಹಾಗೆಯೇ ಟೈಪು ಮಾಡಿದಳು. ಸಂಘದಲ್ಲಿ ಯಾರೋ ವೀರಭದ್ರಸ್ವಾಮಿ ಎಂಬ ಸದಸ್ಯರೂ ಇದ್ದಾರೆಂದು ಅವಳು ಭಾವಿಸಿದ್ದಳಂತೆ. ಒಬ್ಬೊಬ್ಬರ ಹೆಸರಿಗೂ ಬೆರಳುದ್ದದ ಒಂದೊಂದು ಕೀ ಬಂತು. ಅದನ್ನು ಕಂಪ್ಯೂಟರಿಗೆ ಚುಚ್ಚಿ ಒತ್ತಿದರೆ ಒಪ್ಪಿಗೆ. ಸ್ವಾಮಿಯ ಕೀಯನ್ನು ನಾವು ಅರಿಶಿನ ಕುಂಕುಮವಿಟ್ಟು, ಭಯಭಕ್ತಿಯಿಂದ ಗುಡಿಯಲ್ಲಿರುವ ಸ್ವಾಮಿಯ ಪೆಟ್ಟಿಗೆಯಲ್ಲಿಟ್ಟೆವು. ಆ ಪೆಟ್ಟಿಗೆಯನ್ನು ದೊಡ್ಡ ಹಬ್ಬಕ್ಕೆ ಮಾತ್ರ ತೆರೆಯುವುದು ಪದ್ಧತಿ. ದೊಡ್ಡ ಹಬ್ಬ ಯಾವಾಗ ಎಂಬುದನ್ನು ಊರ ಹಿರಿಯರು ಕೂತು ನಿರ್ಧರಿಸಬೇಕು. ಹಿರಿಯರು ಕೂತಾಗಲೆಲ್ಲ ಜಗಳವಾಡಿ ಏಳುತ್ತಾರೆ.

ಈ ವರ್ಷ ತಮಿಳರ ಆಡಿ ತಿಂಗಳು ಹತ್ತಿರ ಬಂತು. ಅಮ್ಮನವರ ಹಬ್ಬಗಳ ಕಾಲ. ಕುರಿ ಮಾರುವುದಿದ್ದರೆ ಆಗಲೇ ಮಾರಬೇಕು. ವರದಿಗೆ ಮೂವರ ಒಪ್ಪಿಗೆಯಾಗದೆ ಒಂದು ಮರಿಯನ್ನೂ ಕೊಳ್ಳುವುದಿಲ್ಲವೆಂದು ಸೇಲಂನವರು ಹೇಳಿ ಕಳುಹಿಸಿದರು. ಸ್ವಾಮಿಯ ಹೆಸರನ್ನು ತೆಗೆದುಬಿಡು ಎಂದೆ ಮಲರ್‌ಗೆ.

"ತೆಗ್ಯಾಕೂ ಮೂರ್ ಜನ ಒಪ್ಬೇಕು ತಾತಾ. ಸ್ವಾಮಿನೂ ಒಪ್ಬೇಕು."

ಮಾರಣ್ಣ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕ. "ನಲ್ಲಾ ಇರುಕ್ಕು, ಚೆನ್ನಾಗೈತೆ! ಓದ್ದೋರ್ನ ಅಧ್ಯಕ್ಷನ್ ಮಾಡಿದ್ಕೆ ದೇವ್ರನ್ನೇ ಕಮಿಟಿಗಾಕ್ಬುಟ್ರಿ. ಇನ್ ಮೀಟಿಂಗ್ಗೆ ಬರ್ಲಿಲ್ಲ ಅಂತ ನೋಟೀಸ್ ಕೊಡಿ ಅಯ್ಯಾ."

ನನಗೆ ನಗು ಬರಲಿಲ್ಲ. ಅಕಾಲದಲ್ಲಿ ಪೆಟ್ಟಿಗೆ ತೆರೆದರೆ ಅಪಚಾರ. ತೆರೆಯದಿದ್ದರೆ ಇಷ್ಟು ಮನೆಗಳ ಕುರಿಗಳು ಮಂದೆಯಲ್ಲೇ ಉಳಿಯುತ್ತವೆ. ಕೊನೆಗೆ ಸ್ವಾಮಿಯಲ್ಲಿ ಹೂ ಕೇಳುವುದೆಂದಾಯಿತು. ವಿಗ್ರಹದ ಎರಡು ಭುಜಗಳ ಮೇಲೂ ಹೂವಿಟ್ಟು ಬೇಡಿಕೊಳ್ಳಬೇಕು. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ನಿಷೇಧ. ಪೆಟ್ಟಿಗೆ ತೆರೆಯಬಹುದೇ ಎಂದು ಕೇಳಿದೆ. ಬಲಗಡೆಯ ಹೂ ಬಿತ್ತು. ಕೀ ಹೊರಬಂತು. ಅದೇ ಧೈರ್ಯದಲ್ಲಿ, ನಿನ್ನ ಹೆಸರನ್ನು ಲೆಕ್ಕದಿಂದ ತೆಗೆಯಬಹುದೇ ತಂದೆ ಎಂದೂ ಕೇಳಿದೆ. ಕೇಳಿ ಮುಗಿಸುವ ಮೊದಲೇ ಎಡಗಡೆಯ ಹೂ ಬಿತ್ತು.

ಅಂತೂ ಸ್ವಾಮಿ ಅಧಿಕಾರ ಬಿಡಲಿಲ್ಲ. ಆದರೆ ಗುಂಡಿ ಒತ್ತಲು ಒಂದು ಮನುಷ್ಯನ ಬೆರಳು ಬೇಕಲ್ಲ? ಎಲ್ಲರೂ ನನ್ನ ಕಡೆ ನೋಡಿದರು. ಮಾರಣ್ಣ ಆಗಲೇ ಕೀಯನ್ನು ನನ್ನ ಅಂಗೈಯಲ್ಲಿಟ್ಟು ಕೈ ಮುಗಿದಿದ್ದ.

ಮಲರ್‌ಳ ಕಂಪ್ಯೂಟರಿನ ಮುಂದೆ ಕೂತು ನನ್ನ ಒಪ್ಪಿಗೆಯನ್ನು ತಕ್ಷಣ ಒತ್ತಿದೆ. ಮಾರಣ್ಣನೂ ಒತ್ತಿ ಬೀಡಿ ಹಚ್ಚಲು ಹೊರಗೆ ಹೋದ. ಸ್ವಾಮಿಯ ಕೀ ಚುಚ್ಚಿದಾಗ ಪರದೆಯ ಮೇಲೆ ಇಂಗ್ಲಿಷಿನ ಮೂರು ಸಾಲು ಬಂತು. ಅರ್ಥ ಹೇಳು ಎಂದೆ. ಮಲರ್ ಓದಿದಳು: "ಈ ಲೆಕ್ಕದಾಗಿರೋ ಎಲ್ಲಾ ಕುರಿನೂ ನಾನೇ ಕಣ್ಣಾರೆ ನೋಡಿದೀನಿ. ಎಲ್ಲಾ ನಿಜ. ಸುಳ್ಳಾದ್ರೆ ನಾನೇ ಒಣೆ."

"ನನ್ನದಕ್ಕೂ ಇದೇ ಇತ್ತೇ?"

"ಅದೇ ತಾತಾ. ನೀವ್ ಓದ್ದೇನೇ ಒತ್ಬುಟ್ರಿ."

ಒತ್ತಲು ಹೋದ ಬೆರಳು ಗಾಳಿಯಲ್ಲೇ ನಿಂತಿತು. ನಾನು ಸುಳ್ಳು ಹೇಳುವುದು ಬೇರೆ, ಸ್ವಾಮಿಯ ಬಾಯಲ್ಲಿ ಸುಳ್ಳಾಡಿಸುವುದು ಬೇರೆ. ಅದೂ ಅಳಿಸಲಾಗದ ಸುಳ್ಳು, ಮೂರು ಕಡೆಯ ಕಂಪ್ಯೂಟರಿನಲ್ಲಿ! ಕೀಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿ, ಮರುದಿನ ಬೆಳಗಿನ ಮೊದಲ ಬಸ್ಸಿಗೆ ಕಾರಿಮಂಗಲಂ ಕಡೆ ಹೊರಟೆ. ನಮ್ಮವರ ಮಂದೆಗಳು ಅಲ್ಲಿ ಮೇಯುತ್ತಿದ್ದವು. ಬಿಸಿಲಿನಲ್ಲಿ ಪಂಚೆ ಎತ್ತಿ ಕಟ್ಟಿ ನಿಂತ ನನ್ನನ್ನು ಕಂಡು ಕುರಿ ಕಾಯುವವರು ಒಬ್ಬರಿಗೊಬ್ಬರು ಕೂಗಿಕೊಂಡರು: "ಲೇ, ಅಯ್ಯನೋರ್ ಬಂದವ್ರೆ, ಮರಿಗುಳ್ನ ಒಂದ್ಕಡೆ ಓಡಿಸ್ರಲಾ!"

ಎಣಿಕೆ ಅರ್ಧಕ್ಕೆ ಬರುವಷ್ಟರಲ್ಲಿ ಮಲರ್ ಫೋನ್ ಮಾಡಿದಳು. ಸೇಲಂನವರು ಮತ್ತೆ ಕೇಳುತ್ತಿದ್ದಾರಂತೆ.

"ತಾತಾ, ನಿಮ್ ಒಪ್ಗೆ ಬಂದೈತೆ, ಮಾರಣ್ಣಂದೂ ಬಂದೈತೆ. ಸ್ವಾಮಿದು ಯಾಕ್ ತಡ ಅಂತ ಏನ್ ಏಳ್ಲಿ?"

ಒಂದು ಮರಿ ನನ್ನ ಕಾಲ ಸಂದಿಯಿಂದ ನುಸುಳಿ ಮಂದೆಯೊಳಗೆ ಮರೆಯಾಯಿತು. ಲೆಕ್ಕ ತಪ್ಪಿತು.

"ಸ್ವಾಮಿ ಇನ್ನೂ ಕುರಿ ಎಣಿಸುತ್ತಿದ್ದಾರೆ ಎಂದು ಹೇಳಮ್ಮ" ಎಂದೆ.