ಒತ್ತಡ ಅಳೆಯುವ ಪ್ರಶ್ನಾವಳಿಗೆ, ಭದ್ರಾವತಿಯ ಪುಟ್ಟಯ್ಯನವರ ವಿಷಯವಾಗಿ

ಸವಳಂಗ ರಸ್ತೆ, ಶಿವಮೊಗ್ಗ
ಆಗಸ್ಟ್ ೨೦೦೨

ಮಾನ್ಯ ಪ್ರಶ್ನಾವಳಿಯವರೇ,

ಏಳು ಸಮುದ್ರಗಳಾಚೆ ಹುಟ್ಟಿ, ದೇಶದೇಶಗಳ ವಿಶ್ವವಿದ್ಯಾಲಯಗಳಲ್ಲಿ ಮನ್ನಣೆ ಗಳಿಸಿ, ಕೊನೆಗೆ ಜೆರಾಕ್ಸಿನ ಜೆರಾಕ್ಸ್ ಆಗಿ ನನ್ನ ಕೈ ಸೇರಿದ ತಮಗೆ, ಇಲ್ಲಿಯ ಮಹಿಳಾ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿಯಾಗಿರುವ ಶರಾವತಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಅಕ್ಷರಗಳು ಅಲ್ಲಲ್ಲಿ ಅಳಿಸಿಹೋಗಿದ್ದರೂ ತಮ್ಮ ಗಾಂಭೀರ್ಯ ಕಿಂಚಿತ್ತೂ ಮಾಸಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಮಾತ್ರೆ ಇಟ್ಟುಕೊಂಡೂ ಏಕೆ ನುಂಗುವುದಿಲ್ಲ, ಅದಕ್ಕೂ ಮನಸ್ಸಿನ ಒತ್ತಡಕ್ಕೂ ಏನು ನಂಟು ಎಂಬುದರ ಮೇಲೆ ಪಿಎಚ್.ಡಿ. ಮಾಡಬೇಕೆಂಬುದು ನನ್ನ ಆಸೆ. ಅದರ ಪ್ರಸ್ತಾವನೆ ಬರೆದುಕೊಂಡು ಹೋದಾಗ, ಜನರ ಒತ್ತಡವನ್ನು ಹೇಗೆ ಅಳೆಯುತ್ತೀ ಎಂದು ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ಪರಮೇಶ್ವರಪ್ಪನವರು ಕೇಳಿದರು. ಮಾತಾಡಿಸಿ ತಿಳಿದುಕೊಳ್ಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದು, “ಮಾತಾಡ್ಸೋದಕ್ಕೆಲ್ಲ ಪಿಎಚ್.ಡಿ. ಕೊಡ್ತಾರೇನಮ್ಮ? ಹಂಗಾಗಿದ್ರೆ ನಮ್ಮ ಬೀದಿ ನಲ್ಲಿ ಹತ್ರ ನಿಂತಿರೋರೆಲ್ಲ ಡಾಕ್ಟ್ರೇ ಆಗ್ಬೇಕಿತ್ತು” ಎಂದು, ಬೀರುವಿನಿಂದ ತಮ್ಮನ್ನು ಬಿಜಯಂಗೈಸಿದರು. “ಇದನ್ನ ಕನ್ನಡಕ್ಕೆ ಮಾಡ್ಕೋ. ಒಂದಕ್ಷರ ಆಚೀಚೆ ಆಗ್ಬಾರ್ದು ಮಾರಾಯ್ತಿ, ಅಂತಾರಾಷ್ಟ್ರೀಯ ಅಳತೆಗೋಲು ಇದು” ಎಂಬ ಅಪ್ಪಣೆಯೂ ಆಯಿತು. ಆ ಅಪ್ಪಣೆಯನ್ನು ನಾನು ಚಾಚೂ ತಪ್ಪದೆ ಪಾಲಿಸಿದೆನೆಂಬುದೇ ಈ ಪತ್ರಕ್ಕೆ ಕಾರಣ.

ಸಮಿತಿಯ ಮುಂದೆ ಪ್ರಸ್ತಾವನೆ ಇಡುವ ಮೊದಲು ತಮ್ಮನ್ನು ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕಿತ್ತು. ನನ್ನ ವಿದ್ಯಾರ್ಥಿನಿ ಇಂಪನಾ ಭದ್ರಾವತಿಯಲ್ಲಿರುವ ತನ್ನ ದೊಡ್ಡಪ್ಪ ಪುಟ್ಟಯ್ಯನವರ ವಿಳಾಸ ಕೊಟ್ಟಳು. ಕಾರ್ಖಾನೆಯ ಕುಲುಮೆಯಲ್ಲಿ ದುಡಿದು, ಅವಧಿಗೆ ಮುಂಚೆಯೇ ವಿಆರ್‌ಎಸ್ ತೆಗೆದುಕೊಂಡವರು ಅವರು. ಸಕ್ಕರೆ ಕಾಯಿಲೆಯಿಂದಾಗಿ ಕಾಲಿನ ಹುಣ್ಣು ಒಣಗಿರಲಿಲ್ಲ; ಮಾತ್ರೆ ಸರಿಯಾಗಿ ತೆಗೆದುಕೊಳ್ಳದಿದ್ದರೆ ಬೆರಳು ತೆಗೆಯಬೇಕಾದೀತೆಂದು ಡಾಕ್ಟರು ಹೆದರಿಸಿದ್ದರು. ತಮ್ಮನ್ನು ಬಸ್ಸಿನಲ್ಲಿ ಮಡಿಕೆಯಾಗದಂತೆ ತೊಡೆಯ ಮೇಲಿಟ್ಟುಕೊಂಡು ಒಂದು ಸಂಜೆ ನ್ಯೂಟೌನಿನ ಅವರ ಮನೆಗೆ ಕರೆದೊಯ್ದೆ.

ಇಂಗ್ಲಿಷಿನಲ್ಲಿ ಬೇಸರವಾದವರು ನೀಲಿಯಾಗುತ್ತಾರೆಂಬ ಸೂಕ್ಷ್ಮವನ್ನು ತಮ್ಮಿಂದಲೇ ಕಲಿತು, “ಕಳೆದ ತಿಂಗಳಲ್ಲಿ ನಿಮಗೆ ನೀಲಿಯಾದಂತೆ ಅನಿಸಿತ್ತೇ?” ಎಂದು ಓದಿದೆ. ಪುಟ್ಟಯ್ಯನವರು ತುಸು ಹೊತ್ತು ಯೋಚಿಸಿ, “ನೀಲಿ ಅಂಗಿ ಇತ್ತು ಮೇಡಂ, ಡ್ಯೂಟೀದು. ಈಗ ಹಾಕ್ಕೊಳಂಗಿಲ್ಲ” ಎಂದರು. ಹೊಟ್ಟೆಯಲ್ಲಿ ಚಿಟ್ಟೆಗಳು ಹಾರಾಡುತ್ತವೆಯೇ ಎಂಬ ಪ್ರಶ್ನೆಗೆ, “ಚಿಟ್ಟೆ ಅಲ್ಲ, ಗ್ಯಾಸು. ಓಂಕಾಳು ನೀರು ಕುಡಿದ್ರೆ ಹೋಗ್ತದೆ” ಎಂದರು. ಕಾರು ನಿಲ್ಲಿಸಲು ಜಾಗ ಸಿಗದೆ ಸಿಟ್ಟು ಬರುತ್ತದೆಯೇ ಎಂದು ತಾವು ಕಕ್ಕುಲತೆಯಿಂದ ಕೇಳಿದ್ದಕ್ಕೆ, ತನ್ನ ಸೈಕಲ್ಲಿಗೆ ಹೊಂಗೆಮರ ಯಾವತ್ತೂ ಜಾಗ ಇಲ್ಲ ಎಂದಿಲ್ಲವೆಂದು ತಿಳಿಸಿದರು. ಮೇಲಧಿಕಾರಿಯ ಕಾಟವಿದೆಯೇ? ಇಲ್ಲ. ಕೆಲಸದ ಹೊರೆ ಹೆಚ್ಚಾಗಿದೆಯೇ? ಇಲ್ಲ. ರಜೆಯ ಪ್ರವಾಸ ರದ್ದಾಯಿತೇ? ಇಲ್ಲ. ಕೂಡಿ ನೋಡಿದರೆ ಸೊನ್ನೆ. ತಮ್ಮ ಕೊನೆಯ ಪುಟದ ಪ್ರಕಾರ ಪುಟ್ಟಯ್ಯನವರು ಪರಮ ನೆಮ್ಮದಿಯ ಮನುಷ್ಯ. ಇಂಥವರನ್ನು ಹಿಮಾಲಯದಲ್ಲಿ ಹುಡುಕಬೇಕಾದ ಖರ್ಚನ್ನು ತಾವು ಉಳಿಸಿಕೊಟ್ಟಿರಿ.

ಚಹಾ ತಂದ ಅವರ ಹೆಂಡತಿ ಚಿನ್ನಮ್ಮನವರಿಗೆ ಈ ಶುಭ ಸಮಾಚಾರ ತಿಳಿಸಿದೆ. ಅವರು ಲೋಟ ಕೆಳಗಿಡುವುದನ್ನೇ ಮರೆತರು. “ಇವ್ರಿಗೆ ಚಿಂತೆ ಇಲ್ಲ ಅಂತ ಬಂತಾ ಮೇಡಂ? ದಿನಾ ಬೆಳಿಗ್ಗೆ ಸೈರನ್ ಕೂಗಿದ ಕೂಡ್ಲೇ ಬುತ್ತಿ ಕಟ್ಸ್ಕೊಂಡು ಸೈಕಲ್ ಹತ್ತಿ ಹೋಗ್ತಾರೆ. ಗೇಟಿನ ತನಕ ಹೋಗೋದು, ಅಲ್ಲಿಂದ ವಾಪಸ್ ಬಂದು ಹೊಳೆ ಮೆಟ್ಲ ಮೇಲೆ ಒಬ್ರೇ ಕೂತು ತಿನ್ನೋದು. ಮನೇಲಿ ತಿನ್ನಿ ಅಂದ್ರೆ, ಡ್ಯೂಟಿ ಹೊತ್ತಲ್ಲಿ ಗಂಡಸು ಮನೇಲಿದ್ರೆ ಬೀದಿಯೋರು ಏನಂತಾರೆ ಅಂತಾರೆ.”

ಪುಟ್ಟಯ್ಯನವರು ಗೋಡೆ ಕಡೆ ಮುಖ ಮಾಡಿದರು. ಪ್ರಶ್ನಾವಳಿಯವರೇ, ತಮ್ಮಲ್ಲಿ ಇದಕ್ಕೆ ಸಂಬಂಧಪಟ್ಟ ಪ್ರಶ್ನೆ ಯಾವುದೂ ಇರಲಿಲ್ಲವಾದ್ದರಿಂದ, ತಮ್ಮನ್ನು ಮಡಚಿ ಚೀಲಕ್ಕೆ ಹಾಕಿ, ಊಟವಾದ ಮೇಲೆ ತೆಗೆದುಕೊಳ್ಳುವ ಮಾತ್ರೆಯನ್ನಾದರೂ ಬುತ್ತಿಯ ಜೊತೆ ಒಯ್ಯಬಹುದಲ್ಲ ಎಂದು ನಾನೇ ಕೇಳಿಬಿಟ್ಟೆ. ಅವರು ತಡೆದು ತಡೆದು ಹೇಳಿದರು: “ಮೆಟ್ಲ ಹತ್ರ ಹಳೇ ಶಿಫ್ಟಿನೋರು ಓಡಾಡ್ತಿರ್ತಾರೆ ಮೇಡಂ. ಕೆಲಸ ಹೋಯ್ತು ಅನ್ನೋದು ಅವ್ರಿಗೆ ಗೊತ್ತು. ಇನ್ನು ರೋಗಿಷ್ಟನೂ ಆದ ಅಂತ ಯಾಕೆ ಅನ್ನಿಸ್ಕೊಳ್ಳಲಿ?”

ಚಿನ್ನಮ್ಮನವರು ಜಗಳ ಮಾಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. “ನಾಳೆಯಿಂದ ನಾನೂ ಬರ್ತೀನಿ” ಎಂದಷ್ಟೇ ಅಂದರು. ನನಗೂ ಅದು ಬರೀ ಬಾಯಿಮಾತೆನಿಸಿತ್ತು. ಆದರೆ ಮರುದಿನ ಸೈರನ್ ಕೂಗಿದಾಗ ಆಕೆ ತನ್ನ ಬುತ್ತಿಯನ್ನೂ ಕಟ್ಟಿಕೊಂಡು ಸೈಕಲ್ಲಿನ ಹಿಂದೆ ಕೂತೇಬಿಟ್ಟರಂತೆ. ಮೆಟ್ಟಿಲ ಮೇಲೆ ಊಟ ಮುಗಿಸಿ, ದಾರಿಹೋಕರ ಕಡೆ ಬೆನ್ನು ಮಾಡಿ ಕೂತು, ಸೆರಗಿನ ಮರೆಯಲ್ಲಿ ಮಾತ್ರೆ ದಾಟಿಸುತ್ತಾರಂತೆ. ಹಳೇ ಶಿಫ್ಟಿನವರು ಅದನ್ನು ಎಲೆಯಡಿಕೆ ಅಂದುಕೊಂಡು, “ಏನ್ ಪುಟ್ಟಯ್ಯ, ಈ ವಯಸ್ಸಲ್ಲೂ ಜೋರಾಗಿದೆ!” ಎಂದು ಕೂಗುತ್ತಾರಂತೆ. ಪುಟ್ಟಯ್ಯನವರು ಇತ್ತೀಚೆಗೆ ನಗುತ್ತಾರೆ ಎಂದು ಇಂಪನಾ ವರದಿ ಮಾಡಿದಳು. ಹುಣ್ಣು ಒಣಗತೊಡಗಿದೆ, ಬೆರಳು ಉಳಿದೀತು ಎಂದರಂತೆ ಡಾಕ್ಟರು. ತಮ್ಮ ಲೆಕ್ಕದಲ್ಲಿ ಮಾತ್ರ ಅವರ ಒತ್ತಡ ಅಂದೂ ಸೊನ್ನೆ, ಇಂದೂ ಸೊನ್ನೆ. ತಮ್ಮ ಸ್ಥಿತಪ್ರಜ್ಞತೆಗೆ ಶರಣು.

ಇದನ್ನೆಲ್ಲ ಪ್ರಸ್ತಾವನೆಯಲ್ಲಿ ಬರೆದು, ಮೊದಲು ಜನರನ್ನು ಮಾತಾಡಿಸಿ ಆಮೇಲೆ ಕನ್ನಡದಲ್ಲೇ ಪ್ರಶ್ನೆಗಳನ್ನು ಕಟ್ಟುವುದಾಗಿ ಸಮಿತಿಯ ಮುಂದೆ ಹೇಳಿದೆ. ಒಬ್ಬ ಪುಟ್ಟಯ್ಯನಿಂದ ಶಾಸ್ತ್ರವಾಗುವುದಿಲ್ಲವೆಂದು ಅಧ್ಯಕ್ಷರು ಗದರಿದರು. ನಾನು ಕಣ್ಣೀರು ತಡೆಯುತ್ತಿರುವಾಗ, ನನ್ನ ವಿರುದ್ಧವೇ ಮಾತಾಡುವರೆಂದುಕೊಂಡಿದ್ದ ಪರಮೇಶ್ವರಪ್ಪನವರು ಎದ್ದು, “ನಿನ್ನೆ ರಾತ್ರಿ ಈ ಪ್ರಶ್ನಾವಳೀನ ನಾನೇ ತುಂಬ್ಲಿಕ್ಕೆ ಕೂತಿದ್ದೆ ಸರ್. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಇದು ನನ್ನನ್ನ ಕೇಳಿದ್ದು ಕಾರು ಎಲ್ಲಿ ನಿಲ್ಲಿಸ್ತೀರಿ ಅಂತ” ಎಂದು ಕೂತರು. ಪ್ರಸ್ತಾವನೆಗೆ ಒಪ್ಪಿಗೆ ಸಿಕ್ಕಿತು.

ಆದಕಾರಣ ತಮ್ಮಲ್ಲಿ ವಿನಂತಿ: ತಾವು ಒಮ್ಮೆ ಭದ್ರಾವತಿಗೆ ಬಂದು, ಅಂತಾರಾಷ್ಟ್ರೀಯ ಮನ್ನಣೆಯನ್ನು ಬಸ್‌ಸ್ಟ್ಯಾಂಡಿನಲ್ಲಿಯೇ ಬಿಟ್ಟು, ಚಿನ್ನಮ್ಮನವರ ಚಹಾ ಕುಡಿದು, ಏನನ್ನೂ ಕೇಳದೆ ಕೊಂಚ ಹೊತ್ತು ಸುಮ್ಮನೆ ಕೂತಿರುವುದನ್ನು ಅಭ್ಯಾಸ ಮಾಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶರಾವತಿ

ವಿ.ಸೂ.: ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ತನಗೂ ಸಕ್ಕರೆ ಕಾಯಿಲೆ ಇದೆ, ಮನೆಯಲ್ಲಿ ಇನ್ನೂ ಹೇಳಿಲ್ಲ ಎಂದು ಪಿಸುಗುಟ್ಟಿದರು. ಆಗ ಅವರ ಕೈಯಲ್ಲಿದ್ದುದು ಎರಡನೆಯ ಜಹಾಂಗೀರು. ಅವರಿಗೆ ಒತ್ತಡವೇನೂ ಇಲ್ಲವೆಂದು ತಾವೇ ಒಂದು ಸರ್ಟಿಫಿಕೇಟು ಕಳಿಸಿಕೊಟ್ಟರೆ ಉಪಕಾರವಾಗುತ್ತದೆ. ತಿನ್ನುವವರಿಗೆ ಧೈರ್ಯ ಬರುತ್ತದೆ.