ಕೂತೇ ಇರುವ ಎರಡನೇ ಜನರೇಟರಿಗೆ, ಲಸಿಕೆಯ ಫ್ರಿಜ್ಜಿನ ಪರವಾಗಿ

ಮಾನ್ಯ ಎರಡನೇ ಜನರೇಟರ್ ಅವರಿಗೆ,
ಡೇಟಾ ಸೆಂಟರಿನ ಹಿತ್ತಲು, ರಾವಾಸಾರಿ, ಪಶ್ಚಿಮ ಜಾವಾ

ಮಾನ್ಯರೇ,

ತಮ್ಮ ಡೀಸೆಲ್ ಟ್ಯಾಂಕು ಸದಾ ತುಂಬಿರಲಿ, ತಮ್ಮ ಮೈಬಣ್ಣ ಮಾಸದಿರಲಿ, ಕೆಲಸ ಎಂಬುದೊಂದು ತಮ್ಮ ಬಳಿ ಎಂದಿಗೂ ಸುಳಿಯದಿರಲಿ ಎಂದು ಹಾರೈಸುತ್ತಾ, ತಮ್ಮ ಗೋಡೆಯಾಚೆಯ ಆರೋಗ್ಯ ಕೇಂದ್ರದ ಹೆರಿಗೆ ದಾದಿ, ಊರವರು ‘ಬು ಬಿದಾನ್’ (ದಾದಿಯಮ್ಮ) ಎಂದು ಕರೆಯುವ ಏತಿ ರೊಹಾಯತಿ ಮಾಡುವ ಸಲಾಮುಗಳು.

ಜಗತ್ತಿನ ಜನರ ಫೋಟೊ, ಬ್ಯಾಂಕಿನ ಲೆಕ್ಕ, ಹರಟೆಗಳನ್ನೆಲ್ಲ ಕಂಪ್ಯೂಟರುಗಳಲ್ಲಿ ತುಂಬಿಟ್ಟುಕೊಂಡಿರುವ ತಮ್ಮ ಕಟ್ಟಡ ನಾಲ್ಕನೆಯ ದರ್ಜೆಯದು ಎಂದು ಗೇಟಿನ ಫಲಕ ಸಾರುತ್ತದೆ. ದರ್ಜೆ ಎಂದರೇನೆಂದು ಊರೆಲ್ಲ ಗೌರವದಿಂದ ‘ಪಾಕ್’ ಎಂದು ಕರೆಯುವ ತಮ್ಮ ಇಂಜಿನಿಯರ್ ಹೆಂದಾರ್ತೊ, ಮಗಳನ್ನು ತೂಕ ನೋಡಿಸಲು ಕರೆತಂದಿದ್ದಾಗ, ನನಗೆ ಬಿಡಿಸಿ ಹೇಳಿದ್ದರು: ಮೊದಲನೆಯ ದರ್ಜೆಯಲ್ಲಿ ಕರೆಂಟಿಗೆ ಒಂದೇ ದಾರಿ, ಅದು ಕೆಟ್ಟರೆ ಕತ್ತಲೆ, ಎರಡನೆಯದರಲ್ಲಿ ದಾರಿ ಒಂದೇ ಆದರೂ ಹೆಚ್ಚುವರಿ ಯಂತ್ರಗಳುಂಟು, ಮೂರನೆಯದರಲ್ಲಿ ಕೆಲಸ ನಿಲ್ಲಿಸದೆಯೇ ರಿಪೇರಿ ಮಾಡಬಹುದು, ನಾಲ್ಕನೆಯದರಲ್ಲಂತೂ ಏನೇ ಕೆಟ್ಟರೂ ವರ್ಷಕ್ಕೆ ಅರ್ಧ ಗಂಟೆಯೂ ನಿಲ್ಲಕೂಡದು. ಅದಕ್ಕೇ ಅಲ್ಲಿ ಎಲ್ಲವೂ ಎರಡೆರಡು, ಮೊದಲನೇ ಜನರೇಟರು ಕೈಕೊಟ್ಟರೆ ಇರಲಿ ಎಂದು ತಾವು. ಈ ಊರಿಗೆ ನಾನೊಬ್ಬಳೇ ದಾದಿ, ಹಾಗಾಗಿ ನಾನು ಮೊದಲನೆಯ ದರ್ಜೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ತಮ್ಮನ್ನು ನೋಡಿ ಕಟ್ಟಿದ್ದಲ್ಲವೆಂದೇ ನಂಬಿದ್ದೇನೆ.

ತಮ್ಮ ಉದ್ಘಾಟನೆಯ ದಿನ ಊರನ್ನೆಲ್ಲ ಊಟಕ್ಕೆ ಕರೆದಿದ್ದರು. ಮೊದಲನೆಯವರ ಮುಂದೊಂದು, ಇನ್ನೂ ಒಂದು ದಿನವೂ ದುಡಿಯದ ತಮ್ಮ ಮುಂದೊಂದು, ಹಳದಿ ಅನ್ನದ ಗೋಪುರ. ಊರಿನ ಪ್ರಾರ್ಥನೆ ನಡೆಸುವ ನನ್ನ ಯಜಮಾನರು ದುಆ ಓದಿ ಮುಗಿಸಿದರು, ಆದರೆ ಕಂಪನಿಯ ದೊಡ್ಡವರೊಬ್ಬರು ಎತ್ತಿದ ಕೈ ಇಳಿಸದೆ ತಾವೇ ಮುಂದುವರಿಸಿ, ಈ ಕಟ್ಟಡದ ಕರೆಂಟು ಎಂದೂ ನಿಲ್ಲದಿರಲಿ ಎಂದರು, ನಾವು ಆಮೀನ್ ಎಂದೆವು. ಊರಿನ ತಂತಿಯೇ ನಮಗೆ ಎರಡನೇ ತಂತಿಯಾಗಲಿ ಎಂದರು, ಆಮೀನ್. ರಿಪೇರಿಯ ದಿನ ಊರು ಒಂದಿಷ್ಟು ಸಹಿಸಿಕೊಳ್ಳಲಿ ಎಂದರು, ಕಣ್ಣೆಲ್ಲ ಹುರಿದ ಕೋಳಿಯ ಮೇಲಿದ್ದ ನಾವು ಇನ್ನೂ ಜೋರಾಗಿ ಆಮೀನ್ ಎಂದೆವು. ಅಷ್ಟಕ್ಕೇ ಊರಿನ ಒಪ್ಪಿಗೆ ಸಿಕ್ಕಂತಾಯಿತಂತೆ.

ಕಳೆದ ಬುಧವಾರ ಆ ಆಮೀನ್ ಫಲ ಕೊಟ್ಟಿತು. ತಮ್ಮ ಮೊದಲನೆಯ ತಂತಿಯ ರಿಪೇರಿಗೆಂದು ಊರಿನ ಕರೆಂಟನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ತಮ್ಮ ಕಟ್ಟಡಕ್ಕೆ ತಿರುಗಿಸಿದರು. ತಾವು ಆಕಳಿಸುವ ಪ್ರಮೇಯವೂ ಬರಲಿಲ್ಲ. ನನ್ನ ಫ್ರಿಜ್ಜಿನಲ್ಲಿ ಮಾರನೆಯ ದಿನ ಕೂಸುಗಳಿಗೆ ಹಾಕಬೇಕಾದ ದಡಾರದ ಲಸಿಕೆಯಿತ್ತು, ಪಕ್ಕದ ಹಳ್ಳಿಯಲ್ಲಿ ಆಗಲೇ ದಡಾರ ಎದ್ದಿತ್ತು. ಐಸ್ ತರೋಣವೆಂದರೆ ಅಂಗಡಿಯ ಫ್ರಿಜ್ಜೂ ಬೆವರುತ್ತಿತ್ತು. ಲಸಿಕೆಯ ಪೆಟ್ಟಿಗೆ ಹೊತ್ತು ತಮ್ಮ ಗೇಟಿಗೆ ಓಡಿದೆ.

ಕಾವಲಿನ ಯಾಯತ್ ತಲೆ ತಗ್ಗಿಸಿ, “ಬು ಬಿದಾನ್, ನನ್ನ ಎರಡೂ ಮಕ್ಕಳ ಹೆರಿಗೆ ಮಾಡ್ಸಿದ್ದು ನೀವೇ, ನಿಮ್ಮ ಋಣ ನಾನು ಮರೆಯಲ್ಲ. ಆದ್ರೆ ಒಳಗೆ ಬಿಟ್ರೆ ನನ್ನ ಕೆಲ್ಸ ಹೋಗುತ್ತಲ್ಲ ಬು,” ಎಂದು ಇಂಜಿನಿಯರ್ ಪಾಕ್ ಹೆಂದಾರ್ತೊ ಅವರನ್ನೇ ಕರೆಸಿದ. “ಒಂದೇ ಒಂದು ಪ್ಲಗ್ಗು ಕೊಡಿ ಪಾಕ್, ಕೂಸುಗಳ ಔಷಧಿ,” ಎಂದು ಅಂಗಲಾಚಿದೆ. “ಹೊರಗಿನ ಪೆಟ್ಟಿಗೆ ಚುಚ್ಚಿದ್ರೆ ನಮ್ಮ ದರ್ಜೆ ಕೆಡುತ್ತೆ ಬು. ಅಲ್ದೆ ಇದು ಕರೆಂಟ್ ಹೋಗಿದ್ದಲ್ಲ, ನಾವೇ ಹೇಳಿ ತೆಗೆದಿದ್ದು. ಹೇಳಿ ತೆಗೆದಿದ್ದು ಲೆಕ್ಕಕ್ಕೆ ಬರಲ್ಲ. ನೀವೂ ಆಮೀನ್ ಅಂದಿದ್ರಲ್ಲ?” ಎಂದರು ಪುಣ್ಯಾತ್ಮರು. ಪೆಟ್ಟಿಗೆ ಹೊತ್ತು ವಾಪಸು ಬಂದೆ. ಸಂಜೆಯೊಳಗೆ ಲಸಿಕೆ ಕೆಟ್ಟಿತು, ಎಲ್ಲವನ್ನೂ ಎಸೆಯಬೇಕಾಯಿತು. ಗುರುವಾರ ಬಂದ ತಾಯಂದಿರನ್ನು ಬರಿಗೈಯಲ್ಲಿ ಕಳಿಸಿದೆ.

ಆದುದರಿಂದ ಮಾನ್ಯರೇ, ನನ್ನ ಬೇಡಿಕೆಗಳು ಅತ್ಯಲ್ಪ. ಈ ಕೂಸುಗಳ ಫೋಟೊಗಳೆಲ್ಲ ತಮ್ಮ ಕಟ್ಟಡದಲ್ಲಿ ಎರಡೆರಡು ಪ್ರತಿಗಳಲ್ಲಿ, ತಣ್ಣಗೆ, ಸುಖವಾಗಿವೆಯೆಂದು ಕೇಳಿದ್ದೇನೆ. ಆ ಫೋಟೊಗಳಿಗೇ ಲಸಿಕೆ ಚುಚ್ಚುವ ವಿಧಾನವನ್ನು ದಯಮಾಡಿ ತಿಳಿಸಬೇಕು. ಅದಾಗದಿದ್ದರೆ, ಒಂದು ಕೂಸು ಕೈಕೊಟ್ಟರೆ ಇರಲಿ, ಇನ್ನೊಂದನ್ನು ಹೆತ್ತಿಟ್ಟುಕೊಳ್ಳಿರೆಂದು ತಾಯಂದಿರಿಗೆ ತಾವೇ ಬಂದು ಹೇಳಬೇಕು. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ, ನಾನಿನ್ನೂ ಆ ದರ್ಜೆಗೆ ಏರಿಲ್ಲ.

ಇಂತು, ನನ್ನ ಬದಲಿಗೆ ಇನ್ನೊಬ್ಬಳಿಲ್ಲದ,
ತಮ್ಮ ವಿಶ್ವಾಸಿ,
ಏತಿ ರೊಹಾಯತಿ

ವಿ.ಸೂ.: ಬರುವ ಶುಕ್ರವಾರ ತಮ್ಮ ವಾರ್ಷಿಕೋತ್ಸವದ ಹಳದಿ ಅನ್ನಕ್ಕೆ ಊರನ್ನು ಮತ್ತೆ ಕರೆದಿದ್ದಾರೆ. ಯಜಮಾನರ ದುಆಗೆ ನಾನೂ ಒಂದು ಸಾಲು ಸೇರಿಸಿಕೊಟ್ಟಿದ್ದೇನೆ: ಎರಡನೇ ಜನರೇಟರಿನಿಂದ ಲಸಿಕೆಯ ಫ್ರಿಜ್ಜಿಗೆ ಒಂದು ತಂತಿ ಬರಲಿ. ಊರಿನ ಹೆಂಗಸರೆಲ್ಲ ಆಮೀನ್ ಹೇಳಿ ಹೇಳಿ ಗಂಟಲು ಪಳಗಿಸಿಕೊಂಡಿದ್ದಾರೆ. ಆದರೂ ಎಲ್ಲರಿಗಿಂತ ಜೋರಾಗಿ ಹೇಳುವವರು ಪಾಕ್ ಹೆಂದಾರ್ತೊ ಅವರೇ ಎಂದು ನನ್ನ ನಂಬಿಕೆ. ಗುರುವಾರ ಲಸಿಕೆಯಿಲ್ಲದೆ ವಾಪಸು ಹೋದ ಕೂಸುಗಳಲ್ಲಿ ಅವರ ಮಗಳೂ ಒಬ್ಬಳು.