ಸರಿಯಾಗಿ ಬರದ ಆಂಟೆನಾ

ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಫೋನು ಬಡಿದುಕೊಂಡಿತು. ಅದನ್ನು ಹೆಂಡತಿ ಎತ್ತಿದ್ದೇ ಕನ್ನಡಕದವರ ಗ್ರಹಚಾರಕ್ಕೆ ಮೂಲವಾಯಿತು. ಅವರೇ ಎತ್ತಿದ್ದರೆ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು, ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು.

"ರೀ, ಇವತ್ತು ಸಂಜೆ ಏಳಕ್ಕೆ ನೀವು ಟೀವೀಲಿ ಬರ್ತೀರಂತೆ! ನಮ್ಮೂರ ಚಾನೆಲ್‌ನೋರು ಫೋನ್ ಮಾಡಿದ್ರು. ನನಗೊಂದು ಮಾತು ಹೇಳಬಾರದಿತ್ತಾ?"

ಕನ್ನಡಕದವರು ಬಾಯಲ್ಲಿದ್ದ ಪೇಸ್ಟನ್ನು ಹಾಗೇ ನುಂಗಿದರು.

ಪೇಟೆ ಬೀದಿಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವರ ಕೆಲಸ. ಹೋದ ವಾರ ಅಂಗಡಿಯ ಮುಂದೆ ಮೈಕು ಹಿಡಿದ ಹುಡುಗಿಯೊಬ್ಬಳು ಅವರನ್ನು ತಡೆದು, ನಿಮ್ಮ ಮನೆಯವರು, ನೆರೆಯವರು ಹೇಗೆ ಎಂದು ಕೇಳಿದ್ದಳು. ಮೊದಲು ಇವರು, ಯಾರಾದರೂ ಆಡುವಂಥ ನಾಲ್ಕು ಒಳ್ಳೆಯ ಮಾತು ಆಡಿದ್ದರು. "ಈಗ ನಿಜ ಹೇಳಿ ಅಂಕಲ್" ಎಂದು ಹುಡುಗಿ ನಕ್ಕಳು ನೋಡಿ, ಅಷ್ಟಕ್ಕೇ ಕಟ್ಟೆ ಒಡೆಯಿತು. ಮೇಲಿನ ಮನೆಯ ಓವರ್‌ಸಿಯರ್ ರಿಟೈರಾದರೂ ಅವರ ಮೇಸ್ತ್ರಿಗಿರಿ ರಿಟೈರಾಗಿಲ್ಲ ಎಂದರು. ಎದುರುಮನೆಯ ಸಂಗೀತದ ಟೀಚರ್ ಬಾಯಿ ತೆಗೆದರೆ ಬೀದಿನಾಯಿಗಳು ಮನೆ ಬದಲಾಯಿಸುತ್ತವೆ ಎಂದರು. ಕೆಳಗಿನ ಓನರಮ್ಮ ನಲ್ಲಿ ನೀರನ್ನು ಕಣ್ಣಿಗೆ ಔಷಧಿ ಬಿಟ್ಟಂತೆ ಬಿಡುತ್ತಾರೆ ಎಂದರು. ತಮ್ಮ ಮನೆಯಲ್ಲಿ ತಾವು ಪೂರ್ತಿ ಒಂದು ವಾಕ್ಯ ಮುಗಿಸಿ ಯಾವ ಕಾಲವಾಯಿತೋ ಎಂದೂ ಸೇರಿಸಿದರು.

ಇಷ್ಟು ಧೈರ್ಯಕ್ಕೆ ಕಾರಣವಿತ್ತು. ಆ ಚಾನೆಲ್ ಕೇಬಲ್ಲಿನಲ್ಲಿ ಬರುವುದಿಲ್ಲ, ಆಂಟೆನಾ ಇಟ್ಟು ಗಾಳಿಯಿಂದ ಹಿಡಿದುಕೊಳ್ಳಬೇಕು. ಇವರ ಕಟ್ಟಡವಿರುವುದು ತಗ್ಗಿನಲ್ಲಿ, ದೊಡ್ಡ ನೀರಿನ ಟ್ಯಾಂಕಿನ ಹಿಂದೆ. ಯಾರ ಮನೆಯಲ್ಲೂ ಆಂಟೆನಾ ಇಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕನ್ನಡಕದವರು ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಹೆಂಡತಿ ಕಟ್ಟಡವನ್ನೆಲ್ಲ ಸುತ್ತಿ ಬಂದಾಗಿತ್ತು. "ಎಲ್ಲರೂ ಸಂಜೆ ನಮ್ಮನೆಗೇ ಬರ್ತಾರೆ. ನೀವು ರಜಾ ಹಾಕಿ. ಮೊದಲು ಹೋಗಿ ಒಂದು ಒಳ್ಳೇ ಆಂಟೆನಾ ತನ್ನಿ."

"ಅಲ್ವೇ, ಅದು..."

"ಒಳ್ಳೇದು ತನ್ನಿ ಅಂದೆ."

ಇಷ್ಟು ವರ್ಷ ಜನರಿಗೆ ಸ್ಪಷ್ಟವಾಗಿ ಕಾಣಲೆಂದೇ ದುಡಿದ ಮನುಷ್ಯ, ಅಂದು ಯಾರಿಗೂ ಏನೂ ಕಾಣದಿರಲಿ ಎಂದು ಬೇಡಿಕೊಳ್ಳುತ್ತ ಎಲೆಕ್ಟ್ರಿಕ್ ಅಂಗಡಿಯ ಮೆಟ್ಟಿಲು ಹತ್ತಿದರು.

ಅಂಗಡಿಯವನು ಮೂರು ಬಗೆ ತೆಗೆದಿಟ್ಟ. "ಈ ಮೀನಿನ ಮುಳ್ಳಿನಂಥದ್ದು ತಾರಸಿ ಮೇಲೆ ಕಂಬಕ್ಕೆ ಕಟ್ಟೋದು ಸಾರ್. ಟವರ್ ಕಡೆ ಮುಖ ಮಾಡಿಬಿಟ್ರೆ ಚಿತ್ರ ಕನ್ನಡಿ ಇದ್ದಂಗಿರುತ್ತೆ. ಈ ಹಾಳೆ ಥರದ್ದು ಕಿಟಕಿಗೆ ಅಂಟಿಸೋದು, ಪರವಾಗಿಲ್ಲ."

"ಆ ಮೂಲೇಲಿರೋದು?"

ಅಂಗಡಿಯವನು ಅದನ್ನು ಮನಸ್ಸಿಲ್ಲದ ಮನಸ್ಸಿನಿಂದ ಎತ್ತಿದ. ಸಣ್ಣ ಡಬ್ಬಿಯಿಂದ ಎರಡು ಕಡ್ಡಿಗಳು ಜಿರಳೆ ಮೀಸೆಯಂತೆ ಎದ್ದಿದ್ದವು. "ಇದು ಟೀವಿ ಮೇಲೆ ಇಡೋದು. ನಿಮ್ಮನೆ ಟ್ಯಾಂಕ್ ಹಿಂದೆ ಅಂತೀರಿ. ಇದು ಬೇಡ ಸಾರ್, ಏನೂ ಬರಲ್ಲ."

"ಖಂಡಿತ ಬರಲ್ವಾ?"

"ನನ್ನ ಮಾತು ನಂಬಿ."

"ಗ್ಯಾರಂಟಿ ಕೊಡ್ತೀರಾ?"

"ಬರುತ್ತೆ ಅಂತಾನಾ?"

"ಬರಲ್ಲ ಅಂತ!"

ಅಂಗಡಿಯವನು ಅವರ ಮುಖವನ್ನೇ ನೋಡುತ್ತ ಅದನ್ನು ಕಟ್ಟಿಕೊಟ್ಟ.

ಮನೆಯಲ್ಲಿ ಅದನ್ನು ಟೀವಿಯ ಮೇಲಿಟ್ಟು ಗುಂಡಿ ಒತ್ತಿದರು. ಪರದೆಯ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕಿಗಳು, ಜೊತೆಗೆ ಹುರಿಯುವ ಸದ್ದು. ಕನ್ನಡಕದವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಛೆ, ಏನೂ ಬರ್ತಿಲ್ವಲ್ಲ" ಎಂದು ದುಃಖದ ಮುಖ ಮಾಡಿದರು.

ಆಗ ಓವರ್‌ಸಿಯರ್ ಒಂದು ಕೈಯಲ್ಲಿ ಕಟಿಂಗ್ ಪ್ಲೇಯರ್, ಇನ್ನೊಂದರಲ್ಲಿ ಸುರುಳಿ ವೈರು ಹಿಡಿದು ಇಳಿದು ಬಂದರು.

"ಆಂಟೆನಾ ಯಾವುದಾದ್ರೂ ಇರ್ಲಿ ಕಣ್ರೀ, ಇಡೋ ಜಾಗ ಮುಖ್ಯ. ಬನ್ನಿ ತಾರಸಿಗೆ."

ಓವರ್‌ಸಿಯರ್ ಮಂಡಿ ನೋವನ್ನೂ ಲೆಕ್ಕಿಸದೆ ಮೆಟ್ಟಿಲು ಹತ್ತಿದರು. ಮಧ್ಯಾಹ್ನದವರೆಗೂ ಅಲ್ಲಿಟ್ಟರು, ಇಲ್ಲಿಟ್ಟರು. ಎಳ್ಳು ಎಳ್ಳಾಗಿಯೇ ಉಳಿಯಿತು. ಕೊನೆಗೆ ಸುಸ್ತಾಗಿ, ಬಟ್ಟೆ ಒಣಹಾಕುವ ಓನರಮ್ಮನ ಉದ್ದನೆಯ ತಂತಿಗೆ ಅದನ್ನು ಸಿಕ್ಕಿಸಿದರು. ಸಿಕ್ಕಿಸಿದ್ದೇ ತಡ, ಕೆಳಗಿನಿಂದ ಹೆಂಡತಿಯ ಕೂಗು ಕೇಳಿಸಿತು. "ಬಂತು! ವಾರ್ತೆ ಓದೋಳ ಗಲ್ಲದ ಮಚ್ಚೆ ಸಮೇತ ಕಾಣ್ತಿದೆ!"

ಕನ್ನಡಕದವರು ಅದನ್ನು ಬಿಡಿಸಲು ಕೈ ಚಾಚಿದರು. "ಆದ್ರೆ ಇದು ಓನರಮ್ಮನ ತಂತಿ. ಅವರು ಒಪ್ಪಲ್ಲ ಬಿಡಿ. ಒಂದು ಕ್ಲಿಪ್ಪು ಜಾಸ್ತಿ ಹಾಕಿದ್ರೂ ಬಯ್ತಾರೆ."

ಓನರಮ್ಮ ಆಗಲೇ ಏದುಸಿರು ಬಿಡುತ್ತ ಮೇಲೆ ಬಂದಿದ್ದರು. ತಂತಿ ನೋಡಿದರು, ಆಂಟೆನಾ ನೋಡಿದರು, ತಮ್ಮ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲ ಮೇಲೆ ಹಾಕಿಕೊಂಡರು. "ನಮ್ಮ ಕಟ್ಟಡದೋರು ಟೀವೀಲಿ ಬರೋದು ದಿನಾ ಇರುತ್ತೇನಪ್ಪಾ? ನನ್ನ ಬಟ್ಟೆ ನಾಳೆ ಒಣಗುತ್ತೆ."

ಸಂಗೀತದ ಟೀಚರ್ ಸಂಜೆಯ ಪಾಠ ರದ್ದು ಮಾಡಿ ಕುರ್ಚಿಗಳನ್ನು ಹೊತ್ತು ತಂದರು. ಬೈದವರಿಗೆ ಬೈಸಿಕೊಂಡವರು ಒಳ್ಳೆಯವರಾಗಿಬಿಟ್ಟರೆ ಅದಕ್ಕಿಂತ ದೊಡ್ಡ ಹಿಂಸೆಯಿಲ್ಲ. ಕನ್ನಡಕದವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಎಲ್ಲರ ಕಾಲು ಹಿಡಿದು ಒಪ್ಪಿಕೊಂಡುಬಿಡೋಣ ಎನಿಸಿತು. ಆದರೆ ಈ ಕಟ್ಟಡದಲ್ಲೇ ಬಾಳಬೇಕಲ್ಲ!

ಏಳು ಗಂಟೆ ಹತ್ತಿರವಾದಾಗ ಅವರು ಎದ್ದು ನಿಂತರು. "ಗಾಳಿ ಬೀಸ್ತಿದೆ. ಆಂಟೆನಾ ಅಲ್ಲಾಡಬಹುದು. ನಾನು ಮೇಲೆ ಹೋಗಿ ಹಿಡ್ಕೋತೀನಿ."

"ನಿಮ್ಮ ಕಾರ್ಯಕ್ರಮ ನೀವೇ ನೋಡ್ದೇ ಇರೋದಾ? ಕೂತ್ಕೊಳ್ಳಿ, ನಾನು ಹೋಗ್ತೀನಿ" ಎಂದರು ಓವರ್‌ಸಿಯರ್.

"ನಿಮ್ಮ ಮಂಡಿ ನೋವು... ನೀವು ನೋಡಿದ್ರೆ ನಾನು ನೋಡಿದ ಹಾಗೇ" ಎಂದು ಕನ್ನಡಕದವರು ಓಡಿದರು.

ಕೆಳಗೆ ಕಾರ್ಯಕ್ರಮದ ವಾದ್ಯ ಮೊಳಗಿದ್ದು ಕೇಳಿಸಿತು. ತಕ್ಷಣ ಆಂಟೆನಾವನ್ನು ತಂತಿಯಿಂದ ಬಿಡಿಸಿ, ಮಗು ಎತ್ತಿಕೊಂಡಂತೆ ಎದೆಗವಚಿಕೊಂಡು, ನೀರಿನ ಟ್ಯಾಂಕಿಗೆ ಮುಖ ಮಾಡಿ ನಿಂತರು.

"ಹೋಯ್ತು!" ಮೆಟ್ಟಿಲ ಮೇಲೆ ನಿಂತ ಸಂಗೀತದ ಟೀಚರ ಕಂಠ ಮೂರು ಬೀದಿಗೆ ಕೇಳಿಸಿತು. "ಎಡಕ್ಕೆ ತಿರುಗಿಸಬೇಕಂತೆ!"

"ತಿರುಗಿಸಿದೆ!" ಎಂದು ಇವರು ಬಲಕ್ಕೆ ತಿರುಗಿದರು.

"ಇನ್ನೂ ಹೋಯ್ತು! ಮೇಲಕ್ಕೆತ್ತಬೇಕಂತೆ!"

"ಎತ್ತಿದೆ!" ಎಂದು ಕುಕ್ಕರಗಾಲಲ್ಲಿ ಕೂತರು.

ಅರ್ಧ ಗಂಟೆ ಹೀಗೇ ಕಳೆಯಿತು. "ಮುಗೀತಂತೆ, ಇಳಿದು ಬನ್ನಿ" ಎಂಬ ಸೋತ ದನಿ ಕೇಳಿದ ಮೇಲೆಯೇ ಅವರು ಉಸಿರು ಬಿಟ್ಟದ್ದು.

ಕೆಳಗೆ ಎಲ್ಲರ ಮುಖವೂ ಬಾಡಿತ್ತು. "ಪಾಪ, ಎಷ್ಟು ಒದ್ದಾಡಿದ್ರಿ" ಎಂದು ಓನರಮ್ಮ ಟವೆಲ್ ಕೊಟ್ಟರು. ಓವರ್‌ಸಿಯರ್ ಬೆನ್ನು ತಟ್ಟಿದರು. ಅಷ್ಟರಲ್ಲಿ ಫೋನು ಬಂತು. ಹೆಂಡತಿ ಎತ್ತಿ, ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆಕೆ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಕನ್ನಡಕದವರು ಕಂಡೇ ಇರಲಿಲ್ಲ.

"ನನ್ನ ತಮ್ಮ" ಎಂದು ಆಕೆ ಫೋನಿಟ್ಟು ಕಣ್ಣೊರೆಸಿಕೊಂಡರು. "ಅವನ ಮನೆ ಟವರ್ ಹತ್ರಾನೇ ಅಲ್ವಾ, ಚೆನ್ನಾಗಿ ಬಂತಂತೆ. ಎಲ್ಲಾ ನೋಡಿದನಂತೆ."

ಕನ್ನಡಕದವರು ಗೋಡೆ ಹಿಡಿದುಕೊಂಡರು.

"ಇಷ್ಟೆಲ್ಲಾ ಮನಸ್ಸಲ್ಲಿಟ್ಕೊಂಡು ಒಂದು ದಿನಾನಾದ್ರೂ ಬಾಯಿ ಬಿಟ್ಟು ಹೇಳಿದ್ರಾ? ಓವರ್‌ಸಿಯರ್ ಅಣ್ಣಾ, ನೀವು ಈ ಕಟ್ಟಡದ ಕಂಬ ಅಂದ್ರಂತೆ. ಟೀಚರ್ ಇರೋದ್ರಿಂದ ಬೀದಿಗೇ ಕಳೆ ಅಂತೆ. ಓನರಮ್ಮ ತಾಯಿ ಸಮಾನ ಅಂತೆ. ನಾನಿಲ್ದೇ ಇದ್ರೆ ಇವರಿಗೆ ದಾರೀನೇ ಕಾಣಲ್ವಂತೆ!"

ಓನರಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡರು. ಚಾನೆಲ್‌ನವರು ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದಾರೆಂದು ಕನ್ನಡಕದವರಿಗೆ ಹೊಳೆಯಿತು. ಜೀವಮಾನದಲ್ಲಿ ಒಮ್ಮೆ ಆಡಿದ ಹೊಗಳಿಕೆಯನ್ನು ತಾವೇ ಕೈಯಾರೆ ಎಳ್ಳು ಮಾಡಿದ್ದಕ್ಕೆ ಹೊಟ್ಟೆ ಉರಿಯಿತು. ಆದರೂ ತಲೆ ಉಳಿಯಿತಲ್ಲ ಎಂದು ಹಗುರಾಗಿ ಕುರ್ಚಿಗೆ ಒರಗಿದರು.

"ಇನ್ನೂ ಕೇಳಿ" ಎಂದರು ಹೆಂಡತಿ. "ಹೊತ್ತು ಸಾಲದೆ ಇವತ್ತು ಮೊದಲರ್ಧ ಮಾತ್ರ ಹಾಕಿದ್ರಂತೆ. ಉಳಿದರ್ಧ ನಾಳೆ ಇದೇ ಹೊತ್ತಿಗಂತೆ. ಈ ಆಂಟೆನಾ ಸಹವಾಸಾನೇ ಬೇಡ, ಎಲ್ಲರೂ ನಮ್ಮನೆಗೇ ಬನ್ನಿ ಅಂತ ತಮ್ಮ ಕರೆದಿದ್ದಾನೆ."

"ವ್ಯಾನು ನಾನು ಗೊತ್ತು ಮಾಡ್ತೀನಿ" ಎಂದು ಓವರ್‌ಸಿಯರ್ ಎದ್ದೇಬಿಟ್ಟರು. "ಇವರು ನಾಳೆ ಎಲ್ಲೂ ಹತ್ತೋ ಹಾಗಿಲ್ಲ. ಟೀವಿ ಮುಂದೇನೇ, ನಮ್ಮ ನಡುವೆ ಕೂರಬೇಕು."

ಸಂಗೀತದ ಟೀಚರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಮೊದಲರ್ಧದಲ್ಲೇ ಇಷ್ಟು ಹೇಳಿದ್ದೀರಿ. ಉಳಿದರ್ಧದಲ್ಲಿ ನಮ್ಮ ಬಗ್ಗೆ ಇನ್ನೇನು ಹೇಳಿದ್ದೀರಿ, ಈಗಲೇ ಹೇಳಿಬಿಡಿ!"

ಎಲ್ಲರೂ ಪ್ರೀತಿಯಿಂದ ಅವರನ್ನೇ ನೋಡುತ್ತಿದ್ದರು. ಕನ್ನಡಕದವರು ಉಗುಳು ನುಂಗಿಕೊಂಡರು.

"ಅದರಲ್ಲಿ... ಸ್ವಲ್ಪ ಮನಸ್ಸು ಬಿಚ್ಚಿ ಮಾತಾಡಿದ್ದೀನಿ" ಎಂದರು.